ಬ್ಯಾಟ್‌ಮ್ಯಾನ್‌ನ ಆರಂಭ ಶಿಲ್ಕು

ಎಪ್ಪತ್ಮೂರು ವರ್ಷದ ಮುದುಕನೊಬ್ಬ 2013ರ ಅಕ್ಟೋಬರ್ 25 ಯಾವಾಗ ಬರುತ್ತದೋ ಎಂದು ಬೆರಳು ಮಡಚಿ ದಿನ ಎಣಿಸುತ್ತಿದ್ದರೆ ನೀವು ಏನೆಂದುಕೊಳ್ಳುತ್ತೀರಿ? ಪಿಂಚಣಿಯ ಬಾಕಿ ಬರುವುದಿರಬೇಕು, ಇಲ್ಲವೇ ಕಣ್ಣಿನ ಪೊರೆಯ ಆಪರೇಷನ್‌ಗೆ ತಾರೀಖು ಗೊತ್ತಾಗಿರಬೇಕು ಅಂತ ತಾನೆ? ಎರಡೂ ಅಲ್ಲ. ಅಂದು ಒಂದು ವಿಡಿಯೊ ಗೇಮ್ ಬಿಡುಗಡೆಯಾಗುತ್ತದೆ. ಅದರ ಹೆಸರು ‘ಬ್ಯಾಟ್‌ಮ್ಯಾನ್: ಆರ್ಕಮ್ ಒರಿಜಿನ್ಸ್’. ಆ ಮುದುಕ ನಾನೇ.

ನಗಬೇಡಿ, ಸ್ವಲ್ಪ ಕೇಳಿ. ನಾನಿರುವುದು ಶಿವಮೊಗ್ಗದಲ್ಲಿ. ಮಗಳ ಮನೆ ಭದ್ರಾವತಿಯ ನ್ಯೂಟೌನ್‌ನಲ್ಲಿ. ನಮ್ಮಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ನಾನು ಹುಟ್ಟಿದ ಊರೂ ಅದೇ. ಭಾನುವಾರ ತಿಂಡಿ ಮುಗಿಸಿ ಬಸ್ಸು ಹತ್ತಿದರೆ ಹತ್ತು ಗಂಟೆಯೊಳಗೆ ಮಗಳ ಮನೆ ಸೇರುತ್ತೇನೆ. ಒಂಬತ್ತನೇ ತರಗತಿಯ ಮೊಮ್ಮಗ ಗೇಟಿನ ಹತ್ತಿರವೇ ಕಾದಿರುತ್ತಾನೆ. ಅಜ್ಜನ ಮೇಲಿನ ಪ್ರೀತಿ ಒಂದು ಕಾರಣ. ಅವನಮ್ಮ ಮಾಡಿದ ಕಾನೂನು ಇನ್ನೊಂದು ಕಾರಣ. ವಾರಕ್ಕೆ ಒಂದೇ ದಿನ, ಒಂದೂವರೆ ಗಂಟೆ ಆಟ. ಅದೂ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿದ್ದರೆ ಮಾತ್ರ. ಆ ‘ದೊಡ್ಡವರು’ ನಾನು.

ಮೊದಮೊದಲು ನಾನು ಪೇಪರ್ ಅಡ್ಡ ಹಿಡಿದು ಕೂರುತ್ತಿದ್ದೆ. ಒಂದೆರಡು ತಿಂಗಳಲ್ಲಿ ಪೇಪರ್ ಕೆಳಗಿಳಿಯಿತು. ಈಗ ನಾನೇ ಕುರ್ಚಿಯ ತುದಿಗೆ ಬಂದು, “ಎಡಕ್ಕೆ ತಿರುಗೋ! ಆ ಕಂಬದ ಹಿಂದೆ ಒಬ್ಬ ನಿಂತಿದಾನೆ!” ಎಂದು ಕೂಗುತ್ತೇನೆ. ನನ್ನ ಕೈಗೆ ಕೊಟ್ಟರೆ ಮಾತ್ರ ಕಷ್ಟ. ಮೂವತ್ತೈದು ವರ್ಷ ನೋಟು ಎಣಿಸಿದ ಬೆರಳುಗಳು ಆ ಪುಟ್ಟ ಗುಂಡಿಗಳ ಮೇಲೆ ತಡವರಿಸುತ್ತವೆ. ನಾನು ಆಡಿಸಿದಾಗ ಬ್ಯಾಟ್‌ಮ್ಯಾನ್ ಗೋಡೆಗೆ ಮುಖ ಮಾಡಿ ನಡೆಯುತ್ತಲೇ ಇರುತ್ತಾನೆ.

ಮುಗಿದ ಕಥೆಗೆ ಹಿಂದಿನ ಕಥೆ

ನನ್ನ ವಯಸ್ಸಿನ ಓದುಗರಿಗಾಗಿ ಒಂದಿಷ್ಟು ವಿವರ. ಬ್ಯಾಟ್‌ಮ್ಯಾನ್ ಅಮೆರಿಕದ ಚಿತ್ರಕಥೆಗಳ ಸಾಹಸಿ. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಎಂಬಿಬ್ಬರು ಸೇರಿ ಅವನನ್ನು ಸೃಷ್ಟಿಸಿದರು. ‘ಡಿಟೆಕ್ಟಿವ್ ಕಾಮಿಕ್ಸ್’ ಪತ್ರಿಕೆಯ 27ನೇ ಸಂಚಿಕೆಯಲ್ಲಿ, ಅಂದರೆ 1939ರ ಮೇ ಸಂಚಿಕೆಯಲ್ಲಿ, ಮೊದಲು ಕಾಣಿಸಿಕೊಂಡ. ನಾನು ಹುಟ್ಟಿದ್ದು 1940ರಲ್ಲಿ. ಹಾಗಾಗಿ ಅವನು ನನಗೆ ಅಣ್ಣನಾಗಬೇಕು. ನನಗೆ ಮಂಡಿನೋವು, ಅಣ್ಣ ಇನ್ನೂ ಮಹಡಿಯಿಂದ ಮಹಡಿಗೆ ಹಾರುತ್ತಿದ್ದಾನೆ. ಹಾಗೆಂದು ಅವನಿಗೆ ಯಾವ ದೈವಶಕ್ತಿಯೂ ಇಲ್ಲ. ಹುಡುಗನಾಗಿದ್ದಾಗ ಕಣ್ಣೆದುರೇ ಅಪ್ಪ ಅಮ್ಮನನ್ನು ಕಳ್ಳನೊಬ್ಬನ ಗುಂಡಿಗೆ ಕಳೆದುಕೊಂಡವನು. ದೊಡ್ಡವನಾಗಿ, ಬಾವಲಿಯ ವೇಷ ತೊಟ್ಟು, ರಾತ್ರಿ ಹೊತ್ತು ಗಾಥಮ್ ಎಂಬ ಊರಿನ ಪಾತಕಿಗಳನ್ನು ಹಿಡಿಯುತ್ತಾನೆ. ಯಾರನ್ನೂ ಕೊಲ್ಲುವುದಿಲ್ಲ ಎಂಬುದು ಅವನ ವ್ರತ.

ಇವನ ಮೇಲೆ ಲಂಡನ್ನಿನ ರಾಕ್‌ಸ್ಟೆಡಿ ಎಂಬ ಸಂಸ್ಥೆ 2009ರಲ್ಲಿ ‘ಆರ್ಕಮ್ ಅಸೈಲಮ್’, 2011ರಲ್ಲಿ ‘ಆರ್ಕಮ್ ಸಿಟಿ’ ಎಂಬ ಎರಡು ಆಟ ಮಾಡಿತು. ಎರಡರಲ್ಲೂ ಕಥೆ ನಡೆಯುವುದು ಒಂದೇ ರಾತ್ರಿ. ನಮ್ಮ ಬಯಲಾಟದ ಹಾಗೆ ಬೆಳಗಾಗುವುದರೊಳಗೆ ಮಂಗಳ ಹಾಡಬೇಕು. ಎರಡನೇ ಆಟದ ಕೊನೆಯಲ್ಲಿ ಬ್ಯಾಟ್‌ಮ್ಯಾನ್‌ನ ಕಡುವೈರಿ ಜೋಕರ್ ಸಾಯುತ್ತಾನೆ. ಅಷ್ಟು ಕಾಟ ಕೊಟ್ಟವನು ಸತ್ತರೂ ಮೊಮ್ಮಗ ಅವತ್ತು ಊಟದ ಹೊತ್ತಿಗೂ ಮಂಕಾಗಿದ್ದ.

ಹೊಸ ಆಟದ ಸುದ್ದಿ ಬಂದಾಗ ಅದರಲ್ಲಿ ಜೋಕರ್ ಮತ್ತೆ ಇದ್ದಾನೆ ಎಂದ. ನಾನು ಕೇಳಿದೆ:

“ಸತ್ತವನು ಹೆಂಗೆ ಬರ್ತಾನೋ?”

“ಅಜ್ಜ, ಇದು ಪ್ರೀಕ್ವೆಲ್. ಮುಂದಿನ ಕಥೆ ಅಲ್ಲ, ಹಿಂದಿನದು. ಬ್ಯಾಟ್‌ಮ್ಯಾನ್ ಇನ್ನೂ ಹೊಸಬ. ಜೋಕರ್ ಯಾರು ಅಂತಾನೇ ಅವನಿಗೆ ಗೊತ್ತಿಲ್ಲ.”

ನನಗೆ ತಕ್ಷಣ ಅರ್ಥವಾಯಿತು. ಬ್ಯಾಂಕಿನ ಲೆಡ್ಜರಿನಲ್ಲಿ ಪ್ರತಿ ಹೊಸ ಪುಟದ ಮೊದಲ ಸಾಲು ಆರಂಭ ಶಿಲ್ಕು. ಅದು ಆಕಾಶದಿಂದ ಉದುರಿದ ಮೊತ್ತವಲ್ಲ. ಹಿಂದಿನ ಪುಟದ ಅಖೈರು ಶಿಲ್ಕು. ಈ ಮೊತ್ತ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಹಳೆಯ ಪುಟ ತಿರುವಿ ತೋರಿಸಬೇಕು. 2009ರ ಆಟದಲ್ಲಿ ಬ್ಯಾಟ್‌ಮ್ಯಾನ್ ಪಳಗಿದ ವೀರನಾಗಿಯೇ ಬರುತ್ತಾನೆ. ಅಷ್ಟು ಜಾಣತನ, ಅಷ್ಟು ತಾಳ್ಮೆ ಎಲ್ಲಿಂದ ಬಂತು? ಅದಕ್ಕೇ ಈಗ ಹಿಂದಿನ ಪುಟ ತಿರುವುತ್ತಿದ್ದಾರೆ.

ತಮಾಷೆಯೆಂದರೆ, ಬ್ಯಾಟ್‌ಮ್ಯಾನ್ ಹುಟ್ಟಿದ್ದೇ ಹೀಗೆ. 1939ರ ಮೇ ತಿಂಗಳಲ್ಲಿ ಅವನು ಬಂದಾಗ ಅವನ ಬಾಲ್ಯದ ಕಥೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಅಮ್ಮನನ್ನು ಕಳೆದುಕೊಂಡ ಕಥೆಯನ್ನು ಆರು ತಿಂಗಳು ಬಿಟ್ಟು, ನವೆಂಬರಿನ 33ನೇ ಸಂಚಿಕೆಯಲ್ಲಿ ಹೇಳಿದರು. ಇನ್ನೊಂದು ವಿಷಯ ಕೇಳಿ ಮಕ್ಕಳೇ. ಆರಂಭದ ಒಂದೆರಡು ಕಥೆಗಳಲ್ಲಿ ಅವನ ಕೈಯಲ್ಲಿ ಪಿಸ್ತೂಲೂ ಇತ್ತು! ‘ಕೊಲ್ಲುವುದಿಲ್ಲ’ ಎಂಬ ವ್ರತ ಆಮೇಲೆ ಗಟ್ಟಿಯಾದದ್ದು. ವೀರನೂ ನಡೆಯುತ್ತಾ ನಡೆಯುತ್ತಾ ಕಲಿತವನೇ.

ಕೊನೆ ಗೊತ್ತಿದ್ದ ಮೇಲೆ ಏನು ಕುತೂಹಲ?

“ಕೊನೆಗೆ ಬ್ಯಾಟ್‌ಮ್ಯಾನ್ ಸಾಯಲ್ಲ, ಜೋಕರ್ ಕೂಡ ಸಾಯಲ್ಲ, ಇಬ್ಬರೂ ಮುಂದಿನ ಆಟಕ್ಕೆ ಬರಬೇಕಲ್ಲ. ಮತ್ತೇನಿದೆ ಇದರಲ್ಲಿ ನೋಡೋಕೆ?” ಇದು ನನ್ನ ಮಗಳ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ.

ಶಿವಮೊಗ್ಗದ ಪಕ್ಕದಲ್ಲೇ, ತುಂಗಾ ತೀರದಲ್ಲಿ ಹೊಸಹಳ್ಳಿ ಇದೆ. ಮತ್ತೂರಿನ ಎದುರು ದಡ. ಗಮಕಕ್ಕೆ ಹೆಸರಾದ ಊರು. ಅಲ್ಲಿ ಕುಮಾರವ್ಯಾಸ ಭಾರತದ ವಾಚನ ಕೇಳುವಾಗ ಕರ್ಣ ಗೆಲ್ಲುತ್ತಾನೆಂದು ನಂಬಿ ಯಾರಾದರೂ ಕೂತಿರುತ್ತಾರೆಯೇ? ಅವನ ರಥದ ಚಕ್ರ ಹೂತುಹೋಗುವುದು ಅಂಗಳದಲ್ಲಿ ಆಡುವ ಮಗುವಿಗೂ ಗೊತ್ತು. ಆದರೂ ಆ ಭಾಗ ಬಂದಾಗ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮುಂದೇನಾಯಿತು ಎಂಬ ಕಥೆಗೆ ಒಂದು ರುಚಿ, ಹೇಗಾಯಿತು ಎಂಬ ಕಥೆಗೆ ಇನ್ನೊಂದು ರುಚಿ. ಪ್ರೀಕ್ವೆಲ್ ಎರಡನೆಯ ಜಾತಿಯದು.

ಈ ‘ಹೇಗೆ’ಗೆ ಹೊಸ ಆಟದಲ್ಲಿ ಒಳ್ಳೆಯ ಅವಕಾಶವಿದೆ. ಇದುವರೆಗೆ ಕಂಪನಿಯವರು ತಿಳಿಸಿರುವುದು ಇಷ್ಟು: ಕ್ರಿಸ್‌ಮಸ್ ಹಿಂದಿನ ರಾತ್ರಿ, ಹಿಮ ಸುರಿಯುತ್ತಿದೆ. ಬ್ಯಾಟ್‌ಮ್ಯಾನ್ ಈ ಕೆಲಸಕ್ಕೆ ಇಳಿದು ಎರಡು ವರ್ಷವಾಗಿರಬಹುದು, ಅಷ್ಟೆ. ಬ್ಲ್ಯಾಕ್ ಮಾಸ್ಕ್ ಎಂಬ ಖೂಳ ಅವನ ತಲೆಗೆ ಐದು ಕೋಟಿ ಡಾಲರ್ ಬಹುಮಾನ ಕಟ್ಟುತ್ತಾನೆ. ಅದಕ್ಕಾಗಿ ಎಂಟು ಜನ ಬಾಡಿಗೆ ಕೊಲೆಗಾರರು ಊರಿಗೆ ಬಂದಿಳಿಯುತ್ತಾರೆ. ಪೊಲೀಸರೂ ಅವನ ಕಡೆಗಿಲ್ಲ. ಮುಂದೆ ಅವನ ಜೀವದ ಗೆಳೆಯನಾಗುವ ಗಾರ್ಡನ್ ಎಂಬ ಅಧಿಕಾರಿ ಈಗಿನ್ನೂ ಕಮಿಷನರ್ ಆಗಿಲ್ಲ. ಬ್ಯಾಟ್‌ಮ್ಯಾನ್‌ನನ್ನು ಕಂಡರೆ ಹಿಡಿಯುವವನೇ.

ಅಭಿಮಾನಿಗಳಿಗೆ ಅಳುಕೂ ಇದೆ. ಈ ಸಲ ಆಟ ಮಾಡುತ್ತಿರುವುದು ಲಂಡನ್ನಿನವರಲ್ಲ, ಕೆನಡಾದ ಮಾಂಟ್ರಿಯಲ್‌ನಲ್ಲಿರುವ ವಾರ್ನರ್ ಸಂಸ್ಥೆಯ ತಂಡ. ಮೊದಲ ಎರಡು ಆಟಗಳಲ್ಲಿ ಬ್ಯಾಟ್‌ಮ್ಯಾನ್‌ಗೆ ದನಿ ಕೊಟ್ಟ ಕೆವಿನ್ ಕಾನ್ರಾಯ್, ಜೋಕರ್‌ಗೆ ದನಿಯಾಗಿದ್ದ ಮಾರ್ಕ್ ಹ್ಯಾಮಿಲ್ ಅವರ ಜಾಗಕ್ಕೆ ರೋಜರ್ ಕ್ರೇಗ್ ಸ್ಮಿತ್, ಟ್ರಾಯ್ ಬೇಕರ್ ಬಂದಿದ್ದಾರೆ. ಮೊಮ್ಮಗನಿಗೆ ಇದೇ ಚಿಂತೆ. ನಾನು ಹೇಳಿದೆ, “ಲೆಡ್ಜರ್ ಬರೆಯೋನು ವರ್ಗವಾಗಿ ಹೋದ್ರೆ ಬ್ಯಾಂಕು ಬಾಗಿಲು ಹಾಕತ್ತೇನೋ? ಹೊಸಬ ಹಳೇ ಪುಟ ಸರಿಯಾಗಿ ಓದಿಕೊಂಡ್ರೆ ಸಾಕು.”

ಡಬ್ಬಿ ಬದಲಾದ ಡಿಸ್ಕು

ಈ ಆಟದಲ್ಲಿ ಏನಿರಬೇಕು ಎಂದು ಜೂನ್‌ನಲ್ಲಿ ಮೊಮ್ಮಗನನ್ನು ಕೇಳಿದ್ದೆ. ಹೊಸ ಆಯುಧ, ಹೊಸ ವಾಹನ ಎಂದು ಪಟ್ಟಿ ಒಪ್ಪಿಸಿದ್ದ. ಆಗಸ್ಟಿನ ಒಂದು ಭಾನುವಾರ ಕೇಳಿದಾಗ ತಲೆ ತಗ್ಗಿಸಿಕೊಂಡು ಒಂದೇ ಮಾತು ಹೇಳಿದ:

“ಅವನು ಏನಾದ್ರೂ ತಪ್ಪು ಮಾಡಬೇಕು ಅಜ್ಜ. ದೊಡ್ಡ ತಪ್ಪು.”

ಅವತ್ತು ಅವನು ಆಟಕ್ಕೂ ಕೂತಿರಲಿಲ್ಲ. ಏನೆಂದು ವಿಚಾರಿಸಿದರೆ ನಿಧಾನವಾಗಿ ಹೊರಬಂತು. ಹಿಂದಿನ ವಾರ ‘ಆರ್ಕಮ್ ಸಿಟಿ’ಯ ಡಿಸ್ಕು ಕಾಣೆಯಾಗಿತ್ತು. ಅದಕ್ಕೆ ಮೊದಲು ಮನೆಗೆ ಬಂದಿದ್ದವನು ಒಬ್ಬನೇ ಗೆಳೆಯ. ಇವನು ತರಗತಿಯಲ್ಲಿ ಎಲ್ಲರೆದುರು, “ನೀನೇ ತಗೊಂಡಿದೀಯ” ಎಂದುಬಿಟ್ಟಿದ್ದಾನೆ. ಆ ಹುಡುಗ ಬ್ಯಾಗಿನಲ್ಲಿದ್ದ ಪುಸ್ತಕವನ್ನೆಲ್ಲ ಬೆಂಚಿನ ಮೇಲೆ ಸುರಿದು ತೋರಿಸಿದನಂತೆ. ಶನಿವಾರ ಡಿಸ್ಕು ಸಿಕ್ಕಿತು. ಕ್ರಿಕೆಟ್ ಆಟದ ಡಬ್ಬಿಯೊಳಗೆ ಇವನೇ ಇಟ್ಟಿದ್ದ. “ನಾಳೆ ಸ್ಕೂಲಿಗೆ ಹೋಗಲ್ಲ. ಅವನ ಮುಖ ನೋಡೋಕಾಗಲ್ಲ,” ಎಂದ.

ಬ್ಯಾಗು ಸುರಿದು ತೋರಿಸಿದ ಎಂಬ ಮಾತು ಕೇಳಿದ ಮೇಲೆ ನನಗೂ ಸುಮ್ಮನಿರಲು ಆಗಲಿಲ್ಲ. ಐವತ್ತು ವರ್ಷ ಯಾರಿಗೂ, ನನ್ನ ಹೆಂಡತಿಗೂ ಹೇಳದ ಒಂದು ಸಂಗತಿಯನ್ನು ಹೇಳಿದೆ.

ತೊಂಬತ್ತು ರೂಪಾಯಿ

1963ನೇ ಇಸವಿ. ನನಗೆ ಇಪ್ಪತ್ಮೂರು ವರ್ಷ. ಬಿ.ಕಾಂ. ಎಂಬ ಜಂಬ ಬೇರೆ. ಕ್ಯಾಷ್ ಕೌಂಟರಿಗೆ ಕೂತು ಕೆಲವೇ ತಿಂಗಳಾಗಿತ್ತು. ಒಂದು ಸಂಜೆ ಲೆಕ್ಕ ಮುಗಿಸಿದರೆ ಪೆಟ್ಟಿಗೆಯಲ್ಲಿ ತೊಂಬತ್ತು ರೂಪಾಯಿ ಕಡಿಮೆ. ಅದು ನನ್ನ ಅರ್ಧ ತಿಂಗಳ ಸಂಬಳಕ್ಕೆ ಹತ್ತಿರ. ಮೂರು ಸಲ ಎಣಿಸಿದೆ. ಕೈ ಬೆವರಿತು. ಬೆಳಿಗ್ಗೆ ನೋಟಿನ ಕಟ್ಟು ತಂದುಕೊಟ್ಟಿದ್ದವರು ನಮ್ಮ ಜವಾನರು, ನನ್ನಪ್ಪನ ವಯಸ್ಸಿನವರು. ನಾನು ಮ್ಯಾನೇಜರ್ ಎದುರಿಗೇ ಹೇಳಿಬಿಟ್ಟೆ: “ಸಾರ್, ನನ್ನ ಬಿಟ್ಟರೆ ಕ್ಯಾಷ್ ಮುಟ್ಟಿದವರು ಇವರೊಬ್ಬರೇ.”

ಅವರು ಒಂದು ಮಾತೂ ಆಡಲಿಲ್ಲ. ಖಾಕಿ ಕೋಟಿನ ಜೇಬುಗಳನ್ನು ಹೊರಕ್ಕೆ ಎಳೆದು ಮೇಜಿನ ಮೇಲೆ ಖಾಲಿ ಮಾಡಿದರು. ಎರಡು ವೀಳ್ಯದೆಲೆ, ಒಂದು ಅಡಿಕೆ ಚೂರು, ಒಂದು ಎಂಟಾಣೆ. ಆಮೇಲೆ ಅವರೇ ಹೋಗಿ ಆ ದಿನದ ವೋಚರುಗಳ ಕಟ್ಟು ತಂದು ನನ್ನ ಮುಂದಿಟ್ಟರು.

ನಮ್ಮ ಅಕೌಂಟೆಂಟ್ ಹಳೇ ಹುಲಿ. “ತೊಂಬತ್ತು ಒಂಬತ್ತರಿಂದ ಭಾಗ ಆಗತ್ತೆ ಕಣಯ್ಯ. ಎಲ್ಲೋ ಅಂಕಿ ಹಿಂದುಮುಂದಾಗಿದೆ, ನೋಡು,” ಎಂದರು.

ಮಕ್ಕಳೇ, ಈ ಗುಟ್ಟನ್ನು ನೀವೂ ಪರೀಕ್ಷಿಸಿ. ಯಾವುದೇ ಸಂಖ್ಯೆಯ ಎರಡು ಅಂಕಿಗಳನ್ನು ಅದಲುಬದಲು ಮಾಡಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ. 54 ಮತ್ತು 45ರ ವ್ಯತ್ಯಾಸ 9. 82 ಮತ್ತು 28ರ ವ್ಯತ್ಯಾಸ 54. ಉತ್ತರ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ವ್ಯತ್ಯಾಸ ಸರಿಯಾಗಿ 90 ಬಂದರೆ ನೂರರ ಸ್ಥಾನ ಮತ್ತು ಹತ್ತರ ಸ್ಥಾನದ ಅಂಕಿಗಳು ಜಾಗ ಬದಲಿಸಿವೆಯೇ, ಆ ಎರಡರ ನಡುವೆ ಒಂದರ ಅಂತರವಿದೆಯೇ ಎಂದು ನೋಡಬೇಕು. ಕಂಪ್ಯೂಟರ್ ಬರುವ ಮೊದಲು ಲೆಕ್ಕ ತಾಳೆಯಾಗದ ರಾತ್ರಿಗಳಲ್ಲಿ ನಮ್ಮ ಪತ್ತೇದಾರಿಕೆ ಹೀಗೇ ನಡೆಯುತ್ತಿದ್ದುದು.

ರಾತ್ರಿ ಎಂಟೂವರೆಗೆ ಸಿಕ್ಕಿತು. ರೈತರೊಬ್ಬರ ಹಣ ಪಡೆಯುವ ಚೀಟಿ, 120 ರೂಪಾಯಿಯದು. ಯಾವ ಯಾವ ನೋಟು ಕೊಟ್ಟೆವೆಂದು ಚೀಟಿಯ ಬೆನ್ನಿಗೆ ಬರೆಯುವುದು ಪದ್ಧತಿ. ತಿರುಗಿಸಿದರೆ ನನ್ನದೇ ಅಕ್ಷರ: ನೂರರದು ಎರಡು, ಹತ್ತರದು ಒಂದು. 120ನ್ನು 210 ಎಂದು ಓದಿ ಪಾವತಿ ಮಾಡಿದ್ದೆ.

ಮಾರನೆಯ ದಿನ ಆ ರೈತರ ಮನೆಗೆ ಸೈಕಲ್ ತುಳಿದೆ. ಅವರು ಹೆಚ್ಚಿನ ಹಣವನ್ನು ಬೇರೆಯಾಗಿ ಕಟ್ಟಿಟ್ಟಿದ್ದರು. “ನಾನೇ ಬರೋನಿದ್ದೆ ಸ್ವಾಮಿ,” ಎಂದು ಕೊಟ್ಟು, ಮಜ್ಜಿಗೆ ಕುಡಿಸಿ ಕಳಿಸಿದರು. ಹಣದ ಲೆಕ್ಕ ತಾಳೆಯಾಯಿತು. ಆದರೆ ಜವಾನರ ಹತ್ತಿರ “ತಪ್ಪಾಯಿತು” ಎನ್ನಲು ನನ್ನ ಬಾಯಿ ಬರಲಿಲ್ಲ. ಅವರು ಎಂದಿನಂತೆ ಹನ್ನೊಂದು ಗಂಟೆಗೆ ಚಹಾ ತಂದಿಟ್ಟರು. ನಾಳೆ ಹೇಳೋಣ, ನಾಳಿದ್ದು ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ನನಗೆ ವರ್ಗವಾಯಿತು. ಕೆಲವು ವರ್ಷದ ಮೇಲೆ ಅವರು ತೀರಿಕೊಂಡರೆಂದು ಕೇಳಿದೆ. ಆ ಒಂದು ಬಾಕಿ ಇನ್ನೂ ನನ್ನ ಹೆಸರಿನಲ್ಲೇ ಇದೆ.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಅಜ್ಜ, ನೀನೂ ಹಂಗೆ ಮಾಡಿದ್ಯಾ?” ಆ ‘ನೀನೂ’ದಲ್ಲಿ ಆಶ್ಚರ್ಯವಿತ್ತು. ಸ್ವಲ್ಪ ಸಮಾಧಾನವೂ ಇತ್ತು.

ಸೋಮವಾರ ಅವನು ಶಾಲೆಗೆ ಹೋದ. ಬೆಲ್ ಹೊಡೆಯುವ ಮೊದಲೇ, ಎಲ್ಲರೆದುರು ಆಡಿದ ಮಾತಿಗೆ ಎಲ್ಲರೆದುರೇ ತಪ್ಪೊಪ್ಪಿಕೊಂಡ. ಗೆಳೆಯ ಎರಡು ದಿನ ಮಾತಾಡಲಿಲ್ಲವಂತೆ. ಮೂರನೇ ದಿನ, “ಆ ಡಿಸ್ಕು ನಂಗೆ ಒಂದು ವಾರ ಕೊಡು,” ಎಂದನಂತೆ. ಕೊಟ್ಟಿದ್ದಾನೆ. ನಾನು ಮಾಡದೆ ಉಳಿಸಿದ್ದನ್ನು ಹದಿನಾಲ್ಕು ವರ್ಷದ ಹುಡುಗ ಒಂದು ಬೆಳಿಗ್ಗೆ ಮಾಡಿ ಮುಗಿಸಿದ.

ನಮ್ಮ ನಿರೀಕ್ಷೆಗಳು

ಈಗ ಆ ಆಟದ ಬಗ್ಗೆ ಅಜ್ಜ–ಮೊಮ್ಮಗ ಸೇರಿ ಮಾಡಿರುವ ಪಟ್ಟಿ ಇದು.

ಮೊದಲನೆಯದು ಮೊಮ್ಮಗನದು. ಬ್ಯಾಟ್‌ಮ್ಯಾನ್ ತಪ್ಪು ಮಾಡಬೇಕು. ಮಾಡಿದ್ದು ತನಗೇ ಗೊತ್ತಾಗಬೇಕು. ಸಿಟ್ಟಿನಲ್ಲಿ ಯಾರನ್ನೋ ಅನುಮಾನಿಸಲಿ, ಗಾರ್ಡನ್‌ನಂಥ ಸಜ್ಜನನನ್ನು ನಂಬದೆ ಕೆಡಲಿ, ಆಮೇಲೆ ತಿದ್ದಿಕೊಳ್ಳಲಿ. ಎರಡು ವರ್ಷದ ಅನುಭವದವನು ಇಪ್ಪತ್ತು ವರ್ಷದವನ ಹಾಗೆ ಕಂಡರೆ ಹಿಂದಿನ ಕಥೆ ಹೇಳಿ ಏನು ಬಂತು?

ಎರಡನೆಯದು ನನ್ನದು. ಮುಷ್ಟಿಗಿಂತ ತಲೆಗೆ ಹೆಚ್ಚು ಕೆಲಸವಿರಲಿ. ಈ ಸಲ ಅಪರಾಧ ನಡೆದ ಜಾಗದ ಸುಳಿವುಗಳನ್ನು ಜೋಡಿಸಿ, ಘಟನೆಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡುವ ವ್ಯವಸ್ಥೆ ಮಾಡಿದ್ದಾರಂತೆ. ಚೀಟಿಯ ಬೆನ್ನು ತಿರುಗಿಸಿ ನೋಡುವ ಕೆಲಸವೇ ಅದು. ಅವನು ಮೊದಲು ಬಂದ ಪತ್ರಿಕೆಯ ಹೆಸರಿನಲ್ಲೇ ‘ಡಿಟೆಕ್ಟಿವ್’ ಇದೆಯಲ್ಲ.

ಮೂರನೆಯದೂ ನನ್ನದೇ, ಸ್ವಲ್ಪ ಸ್ವಾರ್ಥದ್ದು. ಬ್ಯಾಟ್‌ಮ್ಯಾನ್‌ನನ್ನು ಸಾಕಿ ಬೆಳೆಸಿದ ಆಲ್ಫ್ರೆಡ್ ಎಂಬ ಹಿರಿಯನಿದ್ದಾನೆ. ಗಾಯಕ್ಕೆ ಮದ್ದು ಹಚ್ಚುವವನು, ಊಟ ಮಾಡೆಂದು ಗೋಗರೆಯುವವನು. ಅವನಿಗೆ ಒಂದೆರಡು ಒಳ್ಳೆಯ ಮಾತು ಕೊಡಲಿ. ಹುಡುಗ ಅವನ ಮಾತು ಕೇಳದೆ ಹೋಗಿ, ಏಟು ತಿಂದು ಬಂದು, ಆಮೇಲೆ ಕೇಳಲಿ.

ಅಜ್ಜ–ಅಜ್ಜಿಯರೇ, ಇದು ಚಿಕ್ಕ ಮಕ್ಕಳ ಆಟವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಹೊಡೆದಾಟ, ಕತ್ತಲೆ ಎರಡೂ ಇವೆ. ಹಿಂದಿನ ಎರಡು ಆಟಗಳಿಗೆ ಅಮೆರಿಕದಲ್ಲಿ ‘ಹದಿಮೂರು ವರ್ಷ ಆದವರಿಗೆ’ ಎಂಬ ಗುರುತು ಹಾಕಿದ್ದರು. ಡಬ್ಬಿಯ ಮೇಲಿನ ಗುರುತು ಓದಿ, ಹೊತ್ತು ಗೊತ್ತು ಮಾಡಿ, ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿ. ಕನ್ನಡಕ ಮರೆಯಬೇಡಿ.

ಪಕ್ಕದಲ್ಲಿ ಕೂತಾಗ ನಿಮ್ಮ ಹಿಂದಿನ ಕಥೆಯನ್ನೂ ಒಂದಿಷ್ಟು ಹೇಳಿ. ಸಮುದ್ರ ಹಾರಬೇಕಾದಾಗ ಹನುಮಂತ ಸುಮ್ಮನೆ ಒಂದು ಕಡೆ ಕೂತಿದ್ದ. ಅವನ ಬಾಲ್ಯದ ಕಥೆ ಹೇಳಿ ಎಬ್ಬಿಸಿದವನು ಎಲ್ಲರಿಗಿಂತ ಮುದುಕನಾದ ಜಾಂಬವಂತ. ಏನಿತ್ತು ಆ ಕಥೆಯಲ್ಲಿ? ಸೂರ್ಯನನ್ನು ಹಣ್ಣೆಂದು ತಿಳಿದು ಹಾರಿ, ಇಂದ್ರನ ವಜ್ರಾಯುಧದ ಪೆಟ್ಟು ದವಡೆಗೆ ತಿಂದದ್ದು! ಅದೇ ಹುಡುಗ ಬೆಳೆದು ಸಮುದ್ರ ಹಾರಿದ. ನಾವು ಮೊಮ್ಮಕ್ಕಳಿಗೆ ಬರೀ ಅಖೈರು ಶಿಲ್ಕು ತೋರಿಸುತ್ತೇವೆ. ಅಜ್ಜ ತಪ್ಪೇ ಮಾಡದವರು, ಅಜ್ಜಿ ಯಾರಿಗೂ ಹೆದರದವರು ಎಂದು ಅವು ನಂಬಿಬಿಡುತ್ತವೆ. ತಾವು ಎಡವಿದ ದಿನ ಯಾರಿಗೂ ಹೇಳಲಾಗದೆ ಮೂಲೆಯಲ್ಲಿ ಕೂರುತ್ತವೆ.

ಮಕ್ಕಳೇ, ನೀವೂ ಕೇಳಿ: “ಅಜ್ಜ, ನೀನು ಹೊಸಬ ಆಗಿದ್ದಾಗ ಏನು ತಪ್ಪು ಮಾಡಿದ್ದೆ?” ಮೊದಲು ಗದರಬಹುದು. ಬಿಡಬೇಡಿ.

ಆಟ ಬರುವುದು ಶುಕ್ರವಾರ. ಅಳಿಯಂದಿರು ಬೆಂಗಳೂರಿನಿಂದ ತರಿಸಿಕೊಡುವುದಾಗಿ ಮಾತು ಕೊಟ್ಟಿದ್ದಾರೆ. ಆದರೂ ಕಾನೂನು ಕಾನೂನೇ. ದೀಪಾವಳಿಗೆ ಮೊದಲಿನ ಭಾನುವಾರ, 27ರವರೆಗೆ ಕಾಯಬೇಕು. ಅವತ್ತು ಆ ಗೆಳೆಯನೂ ಬರುತ್ತಾನೆ. ಮಗಳು ಕೋಡುಬಳೆ ಮಾಡುತ್ತೇನೆ ಎಂದಿದ್ದಾಳೆ. ಕರೆಂಟ್ ಒಂದು ಹೋಗದಿದ್ದರೆ ಸಾಕು.